ಖಾಲಿ ಟ್ಯೂಬಿನಲ್ಲಿ ಕುರಿ

ಆಗೋದಿಲ್ಲ ಅಂದವರು ತಾಂಡೂರಿನ ನನ್ನ ಸೋದರಮಾವ. ಅವ್ವನ ತಮ್ಮ, ಅಲ್ಲಿನ ನೆಲಗಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿ. ನಾನು ಜಹೀರಾಬಾದಿನಲ್ಲಿ ಬಿಎಸ್ಸಿ ಮುಗಿಸಿ ಎಂಎಸ್ಸಿ ಸೇರುತ್ತೇನೆ ಎಂದಾಗ ಅವರು ನಮ್ಮ ಮನೆ ಕಟ್ಟೆಯ ಮೇಲೆ ಕೂತು, ಚಹಾವನ್ನು ಬಸಿಗೆ ಸುರುವಿಕೊಂಡು, ನನ್ನ ಮುಂದೆಯೇ ಅವ್ವನಿಗೆ ಹೇಳಿದರು.

“ಅಕ್ಕಾ, ಬಿಎಸ್ಸಿ ತನಕ ಹೆಂಗೋ ದಬ್ಬ್ಯಾಳ. ಮುಂದಿಂದು ನಮ್ಮಂಥೋರಿಗೆ ಆಗೋದಿಲ್ಲ ಬಿಡು. ಅಪ್ಪ, ಮುತ್ಯಾ ಓದಿದೋರ ಮಕ್ಕಳು ಬರ್ತಾರ ಅಲ್ಲಿ. ಇಕಿ ಹೋಗಿ ಏನು ಕುರಿ ಎಣಸ್ತಾಳೇನು?”

ಅವ್ವ ಕಸಬರಿಗೆ ಕೆಳಗಿಟ್ಟಳು. “ಎರಡು ವರ್ಷ ಬಿಡು. ನಡು ಒಂದು ವರ್ಷಾನೂ ಹಾಳಾಗಬಾರದು. ಹಾಳಾತಂದ್ರ ನಿನ್ನ ಮಗಗ ಕೊಡ್ತೀನಿ, ಹಿಂದ ಮುಂದ ನೋಡಂಗಿಲ್ಲ,” ಎಂದಳು.

ಮಾಮಾ ನಕ್ಕರು. ಮಾತು ಕುದುರಿದವರ ನಗೆ ಅದು. ನಾನು ಒಳಗೆ ಹೋಗಿ ಬ್ಯಾಗು ತುಂಬಿಕೊಂಡೆ.

ನಮ್ಮದು ನಾರಾಯಣಖೇಡದ ಕಡೆಯ ಹಳ್ಳಿ. ಕುರಿ ನಮ್ಮ ಕಸುಬು, ಜೊತೆಗೆ ಒಂದಿಷ್ಟು ಹೊಲ. ನಮ್ಮ ವಂಶದಲ್ಲಿ ಹತ್ತನೆಯ ತರಗತಿ ದಾಟಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಓದು ನನಗೆ ಸುಲಭಕ್ಕೆ ಬಂದದ್ದಲ್ಲ. ಬೇರೆಯವರು ಒಮ್ಮೆ ಓದಿ ಮಡಚಿಟ್ಟ ಪುಟವನ್ನು ನಾನು ನಾಲ್ಕು ಸಲ ಓದಬೇಕಿತ್ತು. ಮೊದಲ ಎರಡು ಸಲ ಇಂಗ್ಲಿಷಿಗೆ, ಮಿಕ್ಕ ಎರಡು ವಿಷಯಕ್ಕೆ.

ಎಂಎಸ್ಸಿಯ ಕೊನೆಯ ಸೆಮಿಸ್ಟರಿಗೆ ಪ್ರಾಜೆಕ್ಟು. ಹೈದರಾಬಾದ್ ರಸ್ತೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ನನ್ನನ್ನು ತೆಗೆದುಕೊಂಡರು. ತಾಂಡೂರಿನ ತೊಗರಿ ಮತ್ತು ನಮ್ಮ ಕಡೆಯ ತೊಗರಿ, ಇವೆರಡರ ಕಾಳಿನಲ್ಲಿ ಯಾವ ಯಾವ ಪ್ರೋಟೀನುಗಳಿವೆ ಎಂದು ಗುರುತಿಸುವುದು ಕೆಲಸ. ನಾನೇ ತಾಂಡೂರಿನ ಕಡೆಯ ಬೊಮ್ರಾಸಪೇಟೆಯ ಹೊಲಗಳಿಗೆ ಹೋಗಿ ಕಾಳು ತಂದಿದ್ದೆ.

ಪ್ರೋಟೀನು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಿಣ್ವ ಹಾಕಿ ತುಂಡು ಮಾಡಬೇಕು, ತುಂಡುಗಳನ್ನು ತೂಗಬೇಕು, ತೂಕದಿಂದ ಹೆಸರು ಹೇಳಬೇಕು. ತೂಗುವ ಯಂತ್ರದ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್. ಕೂದಲಿಗಿಂತ ಸಣ್ಣ ಬಾಯಿಂದ ಹನಿಯನ್ನು ಹೊಗೆಯಂತೆ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಕಂಪ್ಯೂಟರ್ ಆ ತೂಕಗಳನ್ನು ಲೋಕದ ಜೀವಿಗಳ ಪಟ್ಟಿಯೊಂದಿಗೆ ಹೊಂದಿಸಿ, ಇದು ಇಂಥ ಪ್ರೋಟೀನು, ಇಂಥ ಜೀವಿಯದು ಎಂದು ಬರೆದು ಕೊಡುತ್ತದೆ. ನಮ್ಮಪ್ಪ ಕುರಿಯ ಬೆನ್ನಿನ ಮೇಲೆ ಅಂಗೈ ಒತ್ತಿ ತೂಕ ಹೇಳುತ್ತಿದ್ದ. ಅದಕ್ಕೋ ಏನೋ, ಈ ಯಂತ್ರದ ರೀತಿ ನನಗೆ ಬೇಗ ಹಿಡಿಸಿತು.

ಯಂತ್ರದ ಕೋಣೆಗೆ ಕಿಟಕಿ ಇರಲಿಲ್ಲ. ಪಂಪುಗಳು ಹಗಲಿಡೀ ಒಂದೇ ಸದ್ದು ಮಾಡುತ್ತಿದ್ದವು, ಬಹಳ ಪ್ರಾಣಿಗಳು ಕೂಡಿ ಮೆಲುಕು ಹಾಕಿದ ಹಾಗೆ. ಯಂತ್ರವನ್ನು ನೋಡಿಕೊಳ್ಳುತ್ತಿದ್ದವರು ಕೊಡಂಗಲ್ಲಿನವರು, ನಿವೃತ್ತಿಗೆ ಹತ್ತಿರವಾದ ಹಿರಿಯರು. ನಾನು ಚಾಚಾ ಎನ್ನುತ್ತಿದ್ದೆ. ಇಡೀ ಕಟ್ಟಡದಲ್ಲಿ ನಮ್ಮ ಕನ್ನಡ ಮಾತು ಆಡುತ್ತಿದ್ದವರು ಅವರೊಬ್ಬರೇ.

ನನ್ನ ಮೊದಲ ಪಟ್ಟಿ ಬಂದಾಗ ತೊಗರಿಗಿಂತ ಮೇಲೆ ಇನ್ನೊಂದು ಹೆಸರಿತ್ತು. ಕೆರಾಟಿನ್. ಚರ್ಮದ್ದು, ಕೂದಲಿನದು, ಉಗುರಿನದು. ಪಕ್ಕದಲ್ಲಿ: ಮನುಷ್ಯ.

“ಇದು ಯಾರದು ಚಾಚಾ?” ಎಂದೆ.

“ನಮ್ಮದೇ. ನಿಂದು, ನಂದು, ನಿನ್ನಿ ಎಸಿ ರಿಪೇರಿ ಮಾಡಿ ಹೋದಂವಂದು. ಚರ್ಮ ಉದುರಿ ಗಾಳ್ಯಾಗ ಇರ್ತದ. ಈ ಖೋಲಿಗೆ ಬಂದೋರು ಯಾರೂ ಪೂರಾ ಹೋಗಂಗಿಲ್ಲ ಬೇಟಿ.”

“ಯಾರೂ ಅಂದ್ರ?”

“ಇಲ್ಲಿ ಕಸ ಉಡುಗೋ ಹೆಣ್ಮಗಳು ಹೋದ ವರ್ಷ ತೀರಿಕೊಂಡಳು. ಆಕಿದೂ ಇರಬಹುದು, ಯಾವುದೋ ಮೂಲ್ಯಾಗ. ಮಷೀನು ಮನುಷ್ಯಾ ಅಂತ ಅಷ್ಟೇ ಅಂತದ. ಹೆಸರು ಹೇಳಂಗಿಲ್ಲ.” ಅವರು ಪಟ್ಟಿಯ ಆ ಸಾಲಿನ ಮೇಲೆ ಪೆನ್ಸಿಲ್ಲಿನಿಂದ ಗೀರು ಎಳೆದರು. “ಇದನ್ನ ಎಲ್ಲಾರೂ ಹೊಡದು ಹಾಕ್ತಾರ. ಅಂಜಬ್ಯಾಡ.”

ಅಂದಿನಿಂದ ಆ ಕೋಣೆಯ ಮೂಲೆಗಳನ್ನು ನಾನು ಸರಿಯಾಗಿ ನೋಡಲಿಲ್ಲ.

ಗೀರು ಎಳೆದ ಸಾಲಿನ ಕೆಳಗೆ ಇನ್ನೊಂದು ಕೆರಾಟಿನ್ ಇತ್ತು. ಜೀವಿ: ಕುರಿ. ಚಾಚಾ ಕನ್ನಡಕ ಏರಿಸಿ ನೋಡಿ, ಚಳಿಗಾಲ, ಯಾರದೋ ಸ್ವೆಟರಿನದು ಎಂದು ಅದನ್ನೂ ಹೊಡೆದರು. ನನ್ನ ಬಳಿ ಅವ್ವ ಕೊಟ್ಟ ಉಣ್ಣೆಯ ಶಾಲು ಇತ್ತು. ಮರುದಿನದಿಂದ ಅದನ್ನು ಹಾಸ್ಟೆಲಿನಲ್ಲೇ ಬಿಟ್ಟು ಬಂದೆ.

ಮಾರ್ಚಿ ಮುಗಿಯಿತು. ಬಿಸಿಲು ಏರಿತು. ಕಟ್ಟಡದಲ್ಲಿ ಒಂದೂ ಉಣ್ಣೆಯ ಬಟ್ಟೆ ಇರಲಿಲ್ಲ. ಕುರಿ ಮಾತ್ರ ಬರುತ್ತಲೇ ಇತ್ತು, ಸಲದಿಂದ ಸಲಕ್ಕೆ ಹೆಚ್ಚುತ್ತ. ನನ್ನ ತೊಗರಿಯ ಪ್ರೋಟೀನುಗಳು ಕಡಿಮೆ ಪ್ರಮಾಣದವು; ಕೆರಾಟಿನ್ನಿನ ಗದ್ದಲದಲ್ಲಿ ಅವುಗಳ ದನಿ ಯಂತ್ರಕ್ಕೆ ಕೇಳಿಸುತ್ತಿರಲಿಲ್ಲ.

ಇಂಥ ಸಂಶಯ ಬಂದಾಗ ಬ್ಲ್ಯಾಂಕ್ ಹಾಕಿ ನೋಡುತ್ತಾರೆ. ಏನನ್ನೂ ಬೆರೆಸದ ಶುದ್ಧ ನೀರಿಗೆ ಕಾಳಿಗೆ ಮಾಡಿದ್ದನ್ನೆಲ್ಲ ಮಾಡಿ ಯಂತ್ರಕ್ಕೆ ಕೊಡುವುದು. ಎಲ್ಲರೂ ಹೊಡೆದು ಹಾಕುವ ಮನುಷ್ಯನ ಸಾಲು ಬಿಟ್ಟರೆ ಏನೂ ಬರಬಾರದು. ನಾನು ಬ್ಲ್ಯಾಂಕ್ ಹಾಕಿದೆ. ಯಂತ್ರಕ್ಕೆ ಕೊಟ್ಟು ಒಂದು ತಾಸಾದ ಮೇಲೆ ಪರದೆಯಲ್ಲಿ ಗೆರೆ ಮೇಲೆದ್ದಿತು. ಖಾಲಿ ನೀರಿನಲ್ಲಿ ಯಂತ್ರ ಬರೆದದ್ದು: ಮನುಷ್ಯ, ಕುರಿ. ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ, ಮತ್ತು ಕುರಿದಡ್ಡಿಯ ವಾಸನೆ ಇತ್ತು. ಮಳೆಯಲ್ಲಿ ನೆಂದ ಮಂದೆಯ ವಾಸನೆ, ಏಪ್ರಿಲ್ ತಿಂಗಳ ಹಗಲಿನಲ್ಲಿ, ಎಸಿ ಕೋಣೆಯ ಒಳಗೆ.

ಹೊರಗೆ ಬಂದು ಗೆಳತಿಯೊಬ್ಬಳಿಗೆ, ಒಳಗೆ ಏನಾದರೂ ವಾಸನೆ ಬರುತ್ತಿದೆಯೇ ನೋಡು ಎಂದೆ. ಆಕೆ ಹೋಗಿ ಬಂದು ಇಲ್ಲ ಎಂದಳು. ನಾನೂ ಮತ್ತೆ ಹೋಗಿ ಮೂಸಿದೆ. ಇರಲಿಲ್ಲ.

ಸುದ್ದಿ ಹರಡಿತು. ನಾನು ಕಾರಿಡಾರಿನಲ್ಲಿ ನಡೆದರೆ ಹಿಂದಿನಿಂದ ಯಾರೋ ‘ಮೇ’ ಎಂದು ಎಳೆಯುತ್ತಿದ್ದರು. ನನ್ನ ಊರು, ಕಸುಬು ಅವರಿಗೆ ಗೊತ್ತಿತ್ತೋ ಇಲ್ಲವೋ ತಿಳಿಯದು. ಗೊತ್ತಿಲ್ಲದೆ ಕೂಗಿದ್ದರೆ ಅದು ಇನ್ನೂ ಕೆಟ್ಟದಾಗಿ ತೋರುತ್ತಿತ್ತು. ಎಷ್ಟು ಸ್ನಾನ ಮಾಡಿದರೂ, ಯಾವ ಪುಸ್ತಕ ಓದಿದರೂ, ನನ್ನ ಕೈಯ ಖಾಲಿ ನೀರನ್ನು ನೋಡಿ ಯಂತ್ರ ಕುರಿ ಎನ್ನುತ್ತದೆ. ಇವಳು ಎಲ್ಲಿಯವಳು ಎಂದು ಅದಕ್ಕೆ ಹೇಳಿದವರು ಯಾರು?

ನನ್ನ ಗೈಡ್ ಮೇಡಂ ಕಟ್ಟುನಿಟ್ಟಿನವರು, ಕೆಟ್ಟವರಲ್ಲ. ತೆಲುಗಿನಲ್ಲಿ ನಿಧಾನವಾಗಿ ಹೇಳಿದರು: ಮೇ ತಿಂಗಳ ಕೊನೆಯೊಳಗೆ ಬ್ಲ್ಯಾಂಕ್ ಶುದ್ಧವಾಗಿ ಬಂದು ಅದರ ಹಿಂದೆ ಮೂರು ಸಲ ತೊಗರಿ ಸರಿಯಾಗಿ ಬರಬೇಕು. ಇಲ್ಲದಿದ್ದರೆ ಪ್ರಾಜೆಕ್ಟು ಅಪೂರ್ಣವೆಂದು ಬರೆಯುತ್ತೇನೆ. ಮುಂದಿನ ವರ್ಷ ಮತ್ತೆ ಮಾಡಬಹುದು. ನನಗೆ ಮುಂದಿನ ವರ್ಷ ಎಂಬುದು ಇರಲಿಲ್ಲ. ಇದ್ದದ್ದು ತಾಂಡೂರು.

ಚಾಚಾ ಒಂದು ಉಪಾಯ ಮಾಡಿದರು. ನನ್ನನ್ನೂ ಸೇರಿಸಿ ಆರು ಮಂದಿ ವಿದ್ಯಾರ್ಥಿಗಳಿಗೆ ಆರು ಟ್ಯೂಬು ಶುದ್ಧ ನೀರು ಕೊಟ್ಟು, ಅದೇ ಮೇಜಿನಲ್ಲಿ ಒಬ್ಬೊಬ್ಬರಾಗಿ ಕೆಲಸ ಮಾಡಲು ಹೇಳಿದರು. ಟ್ಯೂಬಿನ ಮೇಲೆ ಹೆಸರಿಲ್ಲ, ಅಂಕಿ ಮಾತ್ರ. ಮರುದಿನ ಮಧ್ಯಾಹ್ನ ಆರು ಪಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟರು. ಐದರಲ್ಲಿ ಮನುಷ್ಯ. ಒಂದರಲ್ಲಿ ಮನುಷ್ಯ ಮತ್ತು ಕುರಿ. ಅಂಕಿ ನೋಡುವ ಮೊದಲೇ ನಾನು ಕೈ ಚಾಚಿ ಅದನ್ನು ಎತ್ತಿಕೊಂಡೆ.

“ಮನುಷ್ಯಾಂದು, ಕುರಿದು ಕೆರಾಟಿನ್ನು ಒಂದನ್ನೊಂದು ಹೋಲ್ತಾವ ಚಾಚಾ. ಮಷೀನು ತಪ್ಪಿರಬಹುದು,” ಎಂದೆ.

“ಹೋಲ್ತಾವ, ಖರೆ. ಆದ್ರ ಇಲ್ಲಿ ಬಂದ ತುಂಡು ನೋಡು, ಇವು ಕುರ್ಯಾಗ ಬಿಟ್ಟು ಮನುಷ್ಯಾನಾಗ ಸಿಗಂಗಿಲ್ಲ.” ಆಮೇಲೆ ದನಿ ತಗ್ಗಿಸಿದರು. “ನೀ ರಜಾ ಇದ್ದ ದಿನ ಬರಂಗಿಲ್ಲ ಬೇಟಿ. ನಾ ಹಳೇ ದಾಖಲಿ ತೆಗೆದು ನೋಡೀನಿ. ನಿನ್ನ ಬೆನ್ನಹಿಂದೇ ಬರ್ತದ.”

ಅವರು ಅದನ್ನು ಹೆದರಿಸಲು ಹೇಳಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

ನಾನು ಒಂದು ಕಾಗದ ತೆಗೆದುಕೊಂಡು ಮನೆಯಿಂದ ತಂದದ್ದನ್ನೆಲ್ಲ ಬರೆದೆ. ಶಾಲು, ಹೊದಿಕೆ, ಕೌದಿ, ಚೀಲ. ಎಲ್ಲ ತೊಳೆಸಿದೆ, ಕಟ್ಟಿಟ್ಟೆ. ಹೊಸ ಹತ್ತಿಯ ಬಟ್ಟೆ, ಅದರ ಮೇಲೆ ಕಾಗದದಂಥ ಬಿಳಿ ಅಂಗಿ, ತಲೆಗೆ ಟೋಪಿ, ಮುಖಕ್ಕೆ ಮಾಸ್ಕು, ಕೈಗೆ ಎರಡೆರಡು ಗ್ಲೌಸು. ಕನ್ನಡಿಯಲ್ಲಿ ನನ್ನ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಆ ವೇಷದಲ್ಲಿ ಬ್ಲ್ಯಾಂಕ್ ಹಾಕಿದೆ. ಕುರಿ ಬಂತು.

ಅಂದು ಗ್ಲೌಸು ಕಳಚಿ ತೊಟ್ಟಿಯ ಹತ್ತಿರ ಕೈ ತೊಳೆಯುವಾಗ ವಾಸನೆ ಮತ್ತೆ ಬಂತು. ಈ ಸಲ ಅದು ಕೋಣೆಯಲ್ಲಿರಲಿಲ್ಲ. ಮೊಣಕೈ ಮಡಚಿ ಮಣಿಕಟ್ಟನ್ನು ಮೂಗಿನ ಹತ್ತಿರ ತಂದೆ. ಬೆವರಿನಿಂದ ತೊಯ್ದ ಕರಿಯ ದಾರ.

ನಾನು ಬರೆದ ಪಟ್ಟಿಯಲ್ಲಿ ಅದು ಇರಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಉಣ್ಣೆ ಎಂದು ಯಾರೂ ಅನ್ನುವುದಿಲ್ಲ. ಅದು ಕೈ, ಅಷ್ಟೇ. ಉಗುರನ್ನು ಯಾರಾದರೂ ತಂದ ಸಾಮಾನಿನ ಪಟ್ಟಿಯಲ್ಲಿ ಬರೆಯುತ್ತಾರೆಯೇ? ಲ್ಯಾಬಿನಲ್ಲಿ ಇನ್ನೂ ನಾಲ್ಕು ಮಂದಿಯ ಕೈಯಲ್ಲಿ ಕೆಂಪು, ಕರಿ ದಾರಗಳಿದ್ದವು, ಗುಡಿಯ ಮುಂದಿನ ಅಂಗಡಿಯ ಹತ್ತಿದಾರಗಳು. ನನ್ನದನ್ನೂ ಎಲ್ಲರೂ ಹಾಗೆಯೇ ತಿಳಿದಿದ್ದರು. ನನ್ನದು ನಮ್ಮ ಮಂದೆಯ ಕರಿ ಕುರಿಯ ಉಣ್ಣೆ, ಅವ್ವ ತೊಡೆಯ ಮೇಲೆ ಹೊಸೆದದ್ದು. ಪ್ರತಿ ವರ್ಷ ಉಣ್ಣೆ ಕತ್ತರಿಸುವಾಗ ಹೊಸ ಎಳೆಯನ್ನು ಮೊದಲು ಕಟ್ಟಿ, ಆಮೇಲೆ ಹಳೆಯದನ್ನು ಬಿಚ್ಚಿ ಅದರ ಜೊತೆ ಹೊಸೆಯುತ್ತಿದ್ದಳು. ಕೈ ಒಂದು ಗಳಿಗೆಯೂ ಬರಿದಾಗಬಾರದು. ನಾನು ಹುಟ್ಟಿದ ತಿಂಗಳಿನಿಂದ ಅದು ಬರಿದಾಗಿರಲಿಲ್ಲ. ಪ್ರತಿದಿನ ಗ್ಲೌಸಿನ ಅಂಚು ಅದನ್ನು ಉಜ್ಜುತ್ತಿತ್ತು, ಕಣ್ಣಿಗೆ ಕಾಣದ ಚೂರುಗಳು ನನ್ನ ಟ್ಯೂಬುಗಳಿಗೆ ಉದುರುತ್ತಿದ್ದವು.

ಕತ್ತರಿ ಮೇಜಿನ ಮೇಲೇ ಇತ್ತು. ಕೈಗೆತ್ತಿಕೊಂಡೆ, ಇಟ್ಟೆ. ಯಾಕೆ ಕತ್ತರಿಸಲಿಲ್ಲ ಎಂದು ಚಾಚಾ ಆಮೇಲೆ ಕೇಳಿದರು. ನಾನು ವಿಜ್ಞಾನದ ವಿದ್ಯಾರ್ಥಿನಿ, ನಿಜ. ನನಗಿಂತ ಮೊದಲು ನಮ್ಮ ಮನೆಯಲ್ಲಿ ಎರಡು ಕೂಸುಗಳು ಸತ್ತಿದ್ದವು, ಅದೂ ನಿಜ.

ಶನಿವಾರ ಬಸ್ಸು ಹಿಡಿದು ಜಹೀರಾಬಾದಿಗೆ, ಅಲ್ಲಿಂದ ನಾರಾಯಣಖೇಡಕ್ಕೆ, ಅಲ್ಲಿಂದ ಆಟೋದಲ್ಲಿ ಊರಿಗೆ ಹೋದೆ. ಅಪ್ಪ ಮಂದೆ ಹೊಡೆದುಕೊಂಡು ಮೇವು ಇದ್ದ ಕಡೆಗೆ ಹೋಗಿದ್ದ. ಮನೆಯಲ್ಲಿ ಅವ್ವ ಮತ್ತು ಅಷ್ಟು ದೂರ ನಡೆಯಲಾರದ ನಾಲ್ಕೈದು ಮರಿಗಳು. ನಾನು ಎಲ್ಲ ಹೇಳಿದೆ. ಯಂತ್ರ, ನೀರು, ಮೇಡಂ ಕೊಟ್ಟ ಗಡುವು. ಅವ್ವ ನನ್ನ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದಳು.

“ಆ ಮಷೀನಿಗೆ ಇದು ಹೆಂಗ ಕಂಡಿತು?”

“ಕಂಡದ ಅವ್ವಾ. ಚೂರೇ ಚೂರು ಇದ್ರೂ ಕಾಣ್ತದ.”

“ಅಂದ್ರ ಇದ್ರಾಗ ಏನೋ ಅದ ಅಂತ ಅದಕ್ಕೂ ತಿಳೀತು.”

“ಕುರಿ ಅದ ಅಂತ ಅಷ್ಟೇ ತಿಳೀತದ.”

“ಅಷ್ಟೇ ಅಂತೀದಿ.” ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ನನಗೆ ಅದುವರೆಗೆ ಹೇಳದ ಮಾತನ್ನು ಹೇಳಿದಳು. “ಎರಡನೇ ಕೂಸಿನ ಕೈಗೂ ಕಟ್ಟಿದ್ದೆ. ತುರಿಸಿ ಅಳ್ತಿತ್ತು. ಡಾಕ್ಟ್ರು ತೆಗೀರಿ ಅಂದ್ರು, ತೆಗೆದೆ. ಮೂರನೇ ದಿನ ತೊಟ್ಟಿಲಿನಾಗ ನೋಡಿದ್ರ ಕಣ್ಣು ತೆರದಾವ, ಉಸಿರಿಲ್ಲ.”

ಜ್ವರವೇನಾದರೂ ಇತ್ತೇ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಒಲೆಯ ಹತ್ತಿರ ಒಂದು ಮರಿ ನಿಂತು ನಮ್ಮನ್ನೇ ನೋಡುತ್ತಿತ್ತು.

“ಹಂಗಾದ್ರ ಬ್ಯಾಡ ಬಿಡು ಅವ್ವಾ. ಮಾಮಾಗ ಹೇಳು, ಬರ್ತೀನಿ ಅಂತ.”

ಅವ್ವ ಎದ್ದು ಹೋದಳು. ಬಹಳ ಹೊತ್ತು ಹಿತ್ತಲಿನಲ್ಲಿದ್ದಳು. ಬಂದಾಗ ಮುಖ ತೊಳೆದಿದ್ದಳು, ಕಂಕುಳಲ್ಲಿ ಕರಿಯ ಹೆಣ್ಣು ಮರಿಯೊಂದಿತ್ತು. ಅದನ್ನು ನನ್ನ ತೊಡೆಯ ಮೇಲೆ ಕೂರಿಸಿದಳು.

“ಕತ್ತರಿಸಬಾರದು. ಬಿಚ್ಚಬಹುದು, ಇನ್ನೊಂದು ಜೀವ ತಗೊಂಡ್ರ. ನಮ್ಮತ್ತಿ ಒಮ್ಮಿ ಮಾಡಿದ್ದಳು. ಅಲ್ಲಾಡಬ್ಯಾಡ.”

ಗಂಟು ಬಿಚ್ಚಲು ಅರ್ಧ ತಾಸು ಹಿಡಿಯಿತು. ಎಳೆ ಎಳೆಯಾಗಿ ಬಿಡಿಸಿದಂತೆ ಅದು ಮರಿಯ ಕೊರಳಿಗೆ ಸುತ್ತಿಕೊಳ್ಳುತ್ತ ಹೋಯಿತು. ಕೊನೆಯ ಎಳೆ ನನ್ನ ಕೈಯಲ್ಲೂ ಮರಿಯ ಕೊರಳಲ್ಲೂ ಇದ್ದಾಗ ಅವ್ವ ಏನೋ ಬಾಯಲ್ಲೇ ಅಂದಳು, ನನಗೆ ಕೇಳಿಸಲಿಲ್ಲ. ಮರಿ ಒದ್ದಾಡಲಿಲ್ಲ. ದಾರ ಕಟ್ಟಿದರೆ ಮರಿಗಳು ಕೊರಳು ಕೊಡವುತ್ತವೆ, ಇದು ಕೊಡವಲಿಲ್ಲ. ನನ್ನ ಮಣಿಕಟ್ಟಿನಲ್ಲಿ ಬಿಳಿಚಿಕೊಂಡ, ಸುಕ್ಕುಗಟ್ಟಿದ ಒಂದು ಸುತ್ತು ಉಳಿಯಿತು. ಗಾಳಿ ತಾಕಿ ಅಲ್ಲಿ ಮಾತ್ರ ಚಳಿಯಾಗುತ್ತಿತ್ತು.

“ಹೋಗು,” ಎಂದಳು ಅವ್ವ. “ಈಗ ಹೋಗಿ ತೋರಿಸು ಅದಕ್ಕ.”

ಬುಧವಾರ ಬ್ಲ್ಯಾಂಕ್ ತಯಾರು ಮಾಡಿದೆ. ಕಿಣ್ವ ಕೆಲಸ ಮಾಡಲು ಒಂದು ದಿನ ಬೇಕು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಯಂತ್ರಕ್ಕೆ ಕೊಟ್ಟೆವು. ಚಾಚಾ ಮತ್ತು ನಾನು ಪರದೆಯ ಮುಂದೆ ಕೂತಿದ್ದೆವು. ಕುರಿ ಬರುವ ಜಾಗಕ್ಕೆ ಗೆರೆ ಬಂತು. ಏಳಲಿಲ್ಲ. ನೆಲಕ್ಕಂಟಿಕೊಂಡೇ ಮುಂದೆ ಹೋಯಿತು. ಪಟ್ಟಿಯಲ್ಲಿ ಒಂದೇ ಜೀವಿ, ಮನುಷ್ಯ.

“ಹೋತು ನೋಡು,” ಎಂದರು ಚಾಚಾ. ಆಮೇಲೆ ನನ್ನ ಬರಿಗೈ ನೋಡಿ ಚಹಾ ತರಲು ಎದ್ದರು.

ಸಂಜೆ ಅವ್ವನಿಗೆ ಫೋನು ಮಾಡಿ, ಯಂತ್ರದಲ್ಲಿ ಕುರಿ ಬರಲಿಲ್ಲ ಎಂದೆ. “ಇವತ್ತೇನು?” ಎಂದು ಕೇಳಿದಳು. ಹೌದು, ಇವತ್ತು ಹಗಲು ಎಂದೆ. “ಎಷ್ಟು ಗಂಟೇಕ?” ಹನ್ನೆರಡರ ಸುಮಾರು ಎಂದೆ. “ಆತು,” ಎಂದು ಫೋನಿಟ್ಟಳು.

ಮೂರು ಸಲ ತೊಗರಿ ಸರಿಯಾಗಿ ಬಂತು. ಗದ್ದಲ ಅಡಗಿದ ಮೇಲೆ ಕಾಳಿನ ಪ್ರೋಟೀನುಗಳು ಒಂದೊಂದಾಗಿ ಹೆಸರು ಹೇಳಿದವು. ಕಾಳು ಮೊಳಕೆಗಾಗಿ ಕೂಡಿಟ್ಟುಕೊಳ್ಳುವವು, ಹುಳುವಿನಿಂದ ಕಾಪಾಡುವವು, ನಾನು ತಿಂಗಳುಗಟ್ಟಲೆ ಕಾದವು. ಮೇಡಂ ಸಹಿ ಹಾಕಿದರು. ಹಾಕುವಾಗ, ಮಾಲಿನ್ಯದ ಮೂಲ ಪತ್ತೆಯಾದದ್ದನ್ನು ಒಂದು ಪ್ಯಾರಾದಲ್ಲಿ ಬರೆ, ಮುಂದಿನವರಿಗೆ ಉಪಯೋಗ ಎಂದರು. ಬರೆದೆ: ‘ಮಣಿಕಟ್ಟಿಗೆ ಕಟ್ಟಿದ ಉಣ್ಣೆಯ ದಾರ. ತೆಗೆದ ಮೇಲೆ ಕಾಣಿಸಿಕೊಂಡಿಲ್ಲ.’ ಹೇಗೆ ತೆಗೆದೆ ಎಂದು ಬರೆಯಲು ಪ್ರಬಂಧದಲ್ಲಿ ಜಾಗವಿರಲಿಲ್ಲ.

ಮಳೆಗಾಲದಲ್ಲಿ ಊರಿಗೆ ಹೋದಾಗ ಆ ಮರಿ ಕಾಣಲಿಲ್ಲ. ಕೇಳಿದೆ. ಅವ್ವ ಬೇರೆ ಮಾತು ತೆಗೆದಳು. ಮಾಮಾನ ಮಗನಿಗೆ ಬೇರೆ ಕಡೆ ಹೆಣ್ಣು ಗೊತ್ತಾಗಿತ್ತು, ಆ ಮಾತು.

ಮರುವರ್ಷ ಸರ್ಟಿಫಿಕೇಟು ತರಲು ಅವ್ವನನ್ನೂ ಕರೆದುಕೊಂಡು ಹೊರಟೆ. ಆಕೆಯೇ ಬರುತ್ತೇನೆ ಎಂದಿದ್ದಳು. ಜಹೀರಾಬಾದಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಹೈದರಾಬಾದಿನ ಬಸ್ಸಿಗೆ ಕಾಯುತ್ತ ಕೂತಿದ್ದಾಗ, ನಾನು ಕೇಳದೆಯೇ ಹೇಳಿದಳು.

“ಆ ಮರಿ ನೀ ಫೋನ್ ಮಾಡಿದ ದಿನಾನೇ ಹೋತು. ಬಿಸಿಲು ನೆತ್ತಿಗೆ ಬಂದಾಗ. ಮೇಯಲಕತ್ತಿತ್ತು, ಕಾಲು ಮಡಚಿ ಕುಂತಿತು, ತಲಿ ಇಟ್ಟಿತು. ತೊಗಲು ಸುಲೀಲಿಲ್ಲ ನಾ. ದಾರದ ಜೋಡಿನೇ ಮಣ್ಣು ಕೊಟ್ಟೆ.”

“ಮರಿಗೋಳು ಬ್ಯಾಸಿಗ್ಯಾಗ ಸಾಯ್ತಾವ ಅವ್ವಾ. ರೋಗ ಬಂದಿರಬಹುದು.”

“ಇರಬಹುದು,” ಎಂದಳು. “ಆಮ್ಯಾಲ ವರ್ಷ ತುಂಬಾ ಫೋನ್ ಬಂದ್ರ ಎದಿ ಹಿಡಕೊಂಡು ಎತ್ತೀನಿ.”

ಒಂದು ಮರಿಯಿಂದ ಏನೂ ಸಾಬೀತಾಗುವುದಿಲ್ಲ. ಮತ್ತೊಮ್ಮೆ ಮಾಡಿ ನೋಡಬಹುದಾದ ಪರೀಕ್ಷೆಯೂ ಅದಲ್ಲ. ಇಷ್ಟು ಮಾತ್ರ ಬಲ್ಲೆ: ಹನ್ನೆರಡರ ಸುಮಾರಿಗೆ ಗೆರೆ ಏಳದೆ ಮುಂದೆ ಹೋದಾಗ ನಾನು ನಕ್ಕಿದ್ದೆ.

ವಿಶ್ವವಿದ್ಯಾಲಯದ ಕಚೇರಿಯಲ್ಲಿ ಕಿಟಕಿಯ ಮುಂದೆ ಉದ್ದ ಸಾಲಿತ್ತು. ಗುಮಾಸ್ತರು ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು, ದಪ್ಪ ಕಾಗದವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಕಿಟಕಿಯಿಂದ ಹೊರಗೆ ಚಾಚಿದರು. ನಾನು ಅದನ್ನು ತೆಗೆದುಕೊಂಡು ಅವ್ವನ ಎರಡೂ ಕೈಯಲ್ಲಿಟ್ಟೆ. ಆಕೆಗೆ ಓದಲು ಬಾರದು. ನನ್ನ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದೆ, ಕ್ಲಾಸು ಎಲ್ಲಿದೆ ಎಂದು ತೋರಿಸಿದೆ. ಅವ್ವ ಕಾಗದವನ್ನು ಒಂದು ಸಲ ನೋಡಿ, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ನೀ ಉಳದೀದಿ,” ಎಂದಳು. “ಈ ಕಾಗದ ಅದರ ಮ್ಯಾಲಿನ ಕೊಸರು.”